ಬಾವಿಯಷ್ಟು ಆಳ

ಗೊಮ್ಮಟೇಶ ಬೆಳಿಗ್ಗೆ ಮನೆ ಬಿಟ್ಟರೆ ಓಣಿಯ ತಿರುವಿನವರೆಗೆ ಹೋಗಿ ಒಮ್ಮೆ ಮರಳಿ ಬರುವುದು ಖಂಡಿತ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂಬ ಸಂಶಯ. ಅವನ ಅವ್ವ ಜಿನ್ನವ್ವ ಅದೇ ಗ್ಯಾಸಿನ ಮುಂದೆ ನಿಂತು ರೊಟ್ಟಿ ಬೇಯಿಸುತ್ತಿದ್ದರೂ ಆ ಸಂಶಯ ಹೋಗುತ್ತಿರಲಿಲ್ಲ.

"ಬಂದ್ ಮಾಡಿ ಹೋಗಬ್ಯಾಡೋ ತಮ್ಮಾ, ಹಂಚಿನ ಮ್ಯಾಲ ರೊಟ್ಟಿ ಐತಿ," ಎನ್ನುತ್ತಿದ್ದಳು ಜಿನ್ನವ್ವ, ತಿರುಗಿಯೂ ನೋಡದೆ.

ಗೋಕಾಕದಿಂದ ದಿನಾ ಮೂಡಲಗಿಗೆ ಹೋಗಿ ಬೀಜ-ಗೊಬ್ಬರದ ಅಂಗಡಿಯೊಂದರಲ್ಲಿ ಲೆಕ್ಕ ನೋಡುವುದು ಅವನ ಕೆಲಸ. ಬಿ.ಕಾಂ. ಮಾಡಿದ್ದು ಸಂಜೆ ಕಾಲೇಜಿನಲ್ಲಿ, ದಿನವಿಡೀ ದುಡಿದು ಬಂದು, ಅರೆಗಣ್ಣಿನಲ್ಲಿ. ಆಗಿನಿಂದ ಅವನಿಗೊಂದು ಗುಮಾನಿ ಅಂಟಿಕೊಂಡಿತ್ತು: ಹಗಲು ಓದಿದವರಿಗೆಲ್ಲ ಗೊತ್ತಿರುವ ಯಾವುದೋ ಒಂದು ಪಾಠ ತಾನು ತೂಕಡಿಸುತ್ತಿದ್ದಾಗ ಮುಗಿದುಹೋಗಿದೆ. ಆ ಪಾಠ ಯಾವುದೆಂದು ಇನ್ನೂ ಪತ್ತೆಯಾಗಿರಲಿಲ್ಲ. ಹಾಗಾಗಿ ಯಾವುದನ್ನೇ ಆಗಲಿ ಎರಡು ಸಲ ಕೇಳಿ, ಮೂರು ಸಲ ನೋಡಿ, ಆಮೇಲೆ ಇನ್ನೊಬ್ಬರನ್ನು ಕೇಳಿ ನಡೆಯುವ ಮನುಷ್ಯ.

ಹೆಂಡತಿ ಆರತಿ ಪೂರ್ತಿ ಉಲ್ಟಾ. ಕೃಷ್ಣಾ ನದಿಯ ದಂಡೆಯ ಊರಿನವಳು. ನಡೆಯುವ ಮೊದಲೇ ಈಜು ಕಲಿತಳೆಂದು ತವರಿನವರು ಹೇಳುತ್ತಿದ್ದರು. ಘಟಪ್ರಭಾದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ ತಪಾಸಣೆಯ ಕೆಲಸ ಮಾಡುತ್ತಿದ್ದಳು. ಏಪ್ರಿಲ್ ತಿಂಗಳ ಒಂದು ಸಂಜೆ, ಹೊತ್ತು ಮುಳುಗುವುದರೊಳಗೆ ಮೂವರೂ ಊಟಕ್ಕೆ ಕುಳಿತಾಗ, ಅವಳು ಮೊಬೈಲನ್ನು ನೀರಿನ ತಂಬಿಗೆಗೆ ಆನಿಸಿಟ್ಟು ವಿಡಿಯೋ ಒಂದನ್ನು ಹಚ್ಚಿದಳು. ನೀಲಿ ನೀರು. ಮೈತುಂಬ ಕರಿ ಅಂಗಿ ತೊಟ್ಟು, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡ ಒಬ್ಬಳು ಹಳದಿ ಮೀನುಗಳ ನಡುವೆ ಕೈ ಬೀಸುತ್ತಿದ್ದಳು.

"ಇಕಿ ಯಾರು ಹೇಳ್ರಿ ನೋಡೂಣು."

"ಮಾರಿನ ಕಾಣವಲ್ದು, ಹ್ಯಾಂಗ ಹೇಳ್ಲಿ?"

"ನಮ್ಮ ಲ್ಯಾಬಿನ ಸಪ್ನಾ! ಮುರ್ಡೇಶ್ವರದಾಗ ಬೋಟ್ ಹತ್ತಿ ನೇತ್ರಾಣಿ ಅನ್ನೂ ದ್ವೀಪಕ್ಕ ಹೋಗೂದು. ಅಲ್ಲಿ ಸಮುದ್ರದ ತಳದಾಗ ಹವಳ ಬೆಳದು ಸಣ್ಣ ಸಣ್ಣ ಗುಡ್ಡ ಆಗ್ಯಾವಂತ. ಮೀನಂತೂ ಬಣ್ಣ ಬಣ್ಣದಾವು. ಆಮಿನೂ ಕಾಣತಾವಂತ."

ಜಿನ್ನವ್ವ ಕನ್ನಡಕ ಏರಿಸಿ ಬಗ್ಗಿ ನೋಡಿದಳು. "ಮೀನ ಹಿಡ್ಯಾಕ ಹೋಗ್ಯಾಳೇನ?"

"ಇಲ್ಲರಿ ಅತ್ತಿ. ಹಿಡ್ಯೂದಿಲ್ಲ, ಮುಟ್ಟೂದೂ ಇಲ್ಲ. ನೋಡಿ ಬರೂದಷ್ಟ."

"ಹಂಗಾರ ದರ್ಶನ ಆತಲ್ಲ ಅದು. ಹೋಗಿ ಬರ್ರಿ."

ಗೊಮ್ಮಟೇಶನ ತುತ್ತು ಬಾಯಿಯ ಹತ್ತಿರ ನಿಂತಿತು. "ಯಾರು ಹೋಗಿ ಬರೂದು?"

"ನಾವಿಬ್ಬರೂ," ಎಂದಳು ಆರತಿ. "ಮೇ ಮೊದಲನೇ ವಾರ. ಮಳಿಗಾಲ ಬಂತಂದ್ರ ಬೋಟ್ ಬಂದ್, ಅಕ್ಟೋಬರ್ ತನಕ ಇಲ್ಲ. ಮದುವಿಯಾಗಿ ಇಪ್ಪತ್ತ ವರ್ಷ ಆತು. ಇಬ್ಬರೂ ಕೂಡಿ ಎಲ್ಲೆಲ್ಲಿ ಹೋಗೇವಿ, ನೀವ ಹೇಳ್ರಿ."

"ಶ್ರವಣಬೆಳಗೊಳ… ಕುಂಭೋಜ…"

"ಕುಂಭೋಜಕ್ಕ ಹೋಗುಮುಂದ ನೀವು ಮುಂದಿನ ಸೀಟು, ನಾನು ಹಿಂದಿನ ಸೀಟು."

"ನಿಮ್ಮ ಅಕ್ಕನ ಮನಿ…"

"ಅದು ಕುತ್ತಿಗಿ ನೋವಿಗೆ ಹೋಗಿದ್ದು, ದವಾಖಾನಿ ಬಾಜೂಕ ಐತಂತ."

ಆಮೇಲೆ ಆರತಿ ಹಗುರಾಗಿಯೇ ಹೇಳಿದಳು, ಆದರೆ ಅವನ ಮುಖ ನೋಡಿ ಅಲ್ಲ, ತಂಬಿಗೆ ನೋಡಿ: "ನಾ ಒಬ್ಬಾಕಿ ಹೋಗಬಹುದು. ಸಪ್ನಾ ಹೋಗಿ ಬಂದಾಳಲ್ಲ. ಆದ್ರ ಅದನ್ನೆಲ್ಲ ನೋಡಿ ಮ್ಯಾಲ ಬಂದಮ್ಯಾಲ, 'ಅದನ್ನ ನೋಡಿದ್ರೇನ್ರಿ?' ಅಂತ ಕೇಳಾಕ ಬಾಜೂಕ ಯಾರೂ ಇಲ್ಲಂದ್ರ ಹ್ಯಾಂಗ? ತಿಂಗಳ ಮುಗಿಯೂದ್ರಾಗ ಒಬ್ಬರೋ ಇಬ್ಬರೋ ಅಂತ ಹೇಳಬೇಕು ಬೋಟಿನವರಿಗೆ."

ಆ ಮಾತು ಗೊಮ್ಮಟೇಶನಿಗೆ ನಾಟಿತು. ಇಲ್ಲ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಅದಕ್ಕೆ ಪ್ರಶ್ನೆ ಕೇಳತೊಡಗಿದ. ಬಿ.ಪಿ. ಇದ್ದರೆ? ಡಾಕ್ಟರರ ಸರ್ಟಿಫಿಕೇಟ್ ಒಯ್ದರಾಯಿತು. ಈಜು ಅಷ್ಟಾಗಿ ಬರದಿದ್ದರೆ? ಜೊತೆಗೊಬ್ಬ ಕಲಿತ ಮನುಷ್ಯ ಕೈ ಹಿಡಿದೇ ಇರುತ್ತಾನೆ. ಕಿವಿ ನೋಯ್ದರೆ? ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಊದಬೇಕು, ಕಿವಿ ಬಿಡುತ್ತದೆ. ಉಸಿರು ಹಿಡಿದರೆ? ಹಿಡಿಯಲೇಬಾರದು. ನೀರೊಳಗೆ ಮಾತು ಹೇಗೆ? ಕೈಸನ್ನೆ.

"ಹೆಬ್ಬೆರಳು ತೋರು ಬೆರಳು ಕೂಡಿಸಿ ಉಂಗುರ ಮಾಡಿದ್ರ, 'ನಾ ಚಲೋ ಅದೇನಿ' ಅಂತ. ಹೆಬ್ಬೆರಳು ಮ್ಯಾಲ ಮಾಡಿದ್ರ, 'ನನ್ನ ಮ್ಯಾಲ ಒಯ್ಯಿರಿ' ಅಂತ. ತಿಳೀತಿಲ್ಲೋ?"

ಗೊಮ್ಮಟೇಶ ತಿಳಿಯಿತೆಂದು ಹೆಬ್ಬೆರಳು ಎತ್ತಿ ತೋರಿಸಿದ.

"ಆತು, ನಿಮ್ಮನ್ನ ಮ್ಯಾಲ ಒಯ್ದರು," ಎಂದಳು ಆರತಿ. ಜಿನ್ನವ್ವನಿಗೆ ನಗು ತಡೆಯದೆ ಮಜ್ಜಿಗೆ ನೆತ್ತಿಗೇರಿತು.

ಕೊನೆಗೆ ಅವನು ಕೇಳಿದ: "ಎಷ್ಟ ಆಳ ಹೋಗಬೇಕು?"

"ಹೊಸಬರಿಗೆ ನಲವತ್ತ ಫೂಟು. ಅದಕ್ಕಿಂತ ಕೆಳಗ ಬಿಡೂದಿಲ್ಲ."

ನಲವತ್ತು ಅಡಿ. ಗೊಮ್ಮಟೇಶನ ಎದೆಯಲ್ಲಿ ಒಂದು ಬಾಗಿಲು ತೆರೆದಂತಾಯಿತು. ಅವನು ತಾಟಿನ ಮೇಲೆ ಕೈ ಝಾಡಿಸಿ, ಆದಷ್ಟು ದುಃಖದ ದನಿಯಲ್ಲಿ ಹೇಳಿದ: "ಅಯ್ಯ ಆರತಿ… ನಂದು ದಿಗ್‌ವ್ರತ ಐತಲ್ಲ."

ಅದು ನಿಜವೇ. ನಾಲ್ಕು ವರ್ಷದ ಹಿಂದೆ ಹುಕ್ಕೇರಿ ಕಡೆಯ ಬಸದಿಯಲ್ಲಿ ಮುನಿ ಮಹಾರಾಜರು ಚಾತುರ್ಮಾಸಕ್ಕೆ ಕುಳಿತಾಗ ಊರ ಶ್ರಾವಕರು ಅನೇಕರು ಆ ವ್ರತ ಹಿಡಿದಿದ್ದರು. ಮನುಷ್ಯ ಕಂಡಕಂಡಲ್ಲಿ ತಿರುಗಿ ಆಸೆಯನ್ನು ಹಬ್ಬಿಸಬಾರದೆಂದು, ಹತ್ತೂ ದಿಕ್ಕಿಗೆ ಒಂದೊಂದು ಗಡಿ ಹಾಕಿಕೊಳ್ಳುವುದು: ಎಂಟು ದಿಕ್ಕು, ಮೇಲೊಂದು, ಕೆಳಗೊಂದು. ಜೀವ ಇರುವವರೆಗೆ ಆ ಗಡಿ ದಾಟುವಂತಿಲ್ಲ. ಬಹಳ ಜನ ಹುರುಪಿನಲ್ಲಿ ಹಾಕಿಕೊಂಡರು. ಗೊಮ್ಮಟೇಶನ ಚಿಕ್ಕಪ್ಪ ಆಬಾಸಾಹೇಬ ಉತ್ತರಕ್ಕೆ ಮಿರಜ ಎಂದುಬಿಟ್ಟ. ಮರುವರ್ಷ ಮೊಮ್ಮಗಳನ್ನು ಕೊಟ್ಟದ್ದು ಅದರಾಚೆಯ ಸಾಂಗ್ಲಿಗೆ. ಈಗ ಬೀಗರು ಅವನನ್ನು ಕಾಣಲು ಮಿರಜ ಸ್ಟೇಶನ್ನಿಗೆ ಬರುತ್ತಾರೆ. ಚಹಾ, ಉಪ್ಪಿಟ್ಟು, ಬೀಗತನ ಎಲ್ಲ ಪ್ಲಾಟ್‌ಫಾರ್ಮಿನ ಬಾಕಿನ ಮೇಲೆ.

ಗೊಮ್ಮಟೇಶ ಮಾತ್ರ ಎರಡು ರಾತ್ರಿ ಯೋಚಿಸಿ ಹೋಗಿದ್ದ. ಎಂಟು ದಿಕ್ಕಿಗೆ ಭಾರತ ದೇಶ. ಮೇಲೆ ಶ್ರವಣಬೆಳಗೊಳದ ಬೆಟ್ಟ. ಕೆಳಗೆ ನಮ್ಮ ತೋಟದ ಬಾವಿ. ಅದಕ್ಕಿಂತ ಕೆಳಗೆ ತನಗೇನು ಕೆಲಸ ಎಂದು ಆಗ ಅನಿಸಿತ್ತು.

"ನೇತ್ರಾಣಿ ಭಾರತದಾಗ ಐತಿ," ಎಂದಳು ಆರತಿ.

"ಅದಕ್ಕ ಅಡ್ಡಿ ಇಲ್ಲ. ಆಳದ್ದ ತ್ರಾಸು. ಬಾವಿ ಬಾಳಂದ್ರ ಮೂವತ್ತ ಫೂಟ್ ಇರಬೇಕು."

"ಇರಬೇಕೋ, ಐತೋ?"

ಜಗತ್ತಿನಲ್ಲಿ ಎಲ್ಲವನ್ನೂ ಮೂರು ಸಲ ನೋಡುವ ತಾನು ಬಾವಿಯನ್ನು ಒಮ್ಮೆಯೂ ಅಳೆಯದೆ ವ್ರತ ಹಿಡಿದಿದ್ದೆ ಎಂಬುದು ಗೊಮ್ಮಟೇಶನಿಗೆ ಆಗಲೇ ಹೊಳೆದದ್ದು.

*

ರವಿವಾರ ಮೂವರೂ ಹುಕ್ಕೇರಿಯ ಬಸ್ಸು ಹಿಡಿದು ತೋಟಕ್ಕೆ ಹೋದರು. ಸುತ್ತ ಕಬ್ಬು, ನಡುವೆ ಬಾವಿ, ದಂಡೆಯ ಬೇವಿನ ಗಿಡದ ಕೆಳಗೆ ಬನಿಯನ್ನಿನಲ್ಲಿ ಆಬಾಸಾಹೇಬ. ಸಂಗತಿ ಕೇಳಿ ಅವನು ತೊಡೆ ತಟ್ಟಿಕೊಂಡು ನಕ್ಕ.

"ಅಲ್ಲೋ, ಬಾಜೂಕ ಬೋರ್‌ವೆಲ್ ಐತಲ್ಲ, ನಾನೂರು ಫೂಟಿಂದು. ಅದನ್ನ ಹಿಡದು ಪಾತಾಳಕ್ಕ ಹೋಗಿ ಬಾ!"

"ಕಾಕಾ, ನನ್ನ ಮನಸಿನ್ಯಾಗ ಇದ್ದದ್ದು ಇದ ಬಾವಿ."

"ಏನ್ ಮನಸೋ ಮಾರಾಯಾ. ನನಗೂ ಮಿರಜ ಅನ್ನುಮುಂದ ಯಾರರ ಇಷ್ಟ ವಿಚಾರ ಮಾಡ ಅಂತ ಹೇಳಬಾರದಿತ್ತೇನ?"

ಗೊಮ್ಮಟೇಶ ಹಗ್ಗಕ್ಕೆ ಕಲ್ಲು ಕಟ್ಟಿ ಕಟ್ಟೆಯಿಂದ ಕೆಳಗೆ ಬಿಟ್ಟ. ತಳ ಹತ್ತಿತು. ಎಳೆದು, ಟೇಪು ಹಿಡಿದು ಅಳೆದ. ಮೂವತ್ತೊಂದು ಅಡಿ. ಮತ್ತೊಮ್ಮೆ ಬಿಟ್ಟ. ಮೂವತ್ತೊಂದೇ. ಅವನು ತಲೆ ಅಲ್ಲಾಡಿಸಿ ನಿಟ್ಟುಸಿರು ಬಿಟ್ಟ. ಆ ನಿಟ್ಟುಸಿರಿನಲ್ಲಿ ಎಷ್ಟು ಪಾಲು ದುಃಖ, ಎಷ್ಟು ಪಾಲು ಸುಖ ಎಂದು ಅವನಿಗೇ ಗೊತ್ತಿತ್ತು, ಮತ್ತು ಗೊತ್ತಿದ್ದುದಕ್ಕೆ ನಾಚಿಕೆಯಾಯಿತು.

"ಒಂಬತ್ತ ಫೂಟ್ ಕಡಿಮಿ ಆತು, ಆರತಿ. ಏನ್ ಮಾಡೂದು."

ಆರತಿ ಬಾವಿಗೆ ಬೆನ್ನು ಮಾಡಿ ಕಬ್ಬಿನ ಕಡೆ ನೋಡುತ್ತ ನಿಂತಳು.

ಆಬಾಸಾಹೇಬ ಎದ್ದು ಬಂದು ಕಲ್ಲಿಗೆ ಮೆತ್ತಿದ ಕೆಸರನ್ನು ಬೆರಳಿನಿಂದ ಕೆರೆದ. "ಇದೇನಿದು? ಹೂಳು. ನೀ ಅಳದಿದ್ದು ಹೂಳಿನ ಮ್ಯಾಗಿಂದು. ತಳ ಅಂದ್ರ ಬಂಡೆಗಲ್ಲು. ಐದ ವರ್ಷದಿಂದ ಬಡಕೊಳ್ಳಾಕತ್ತೇನಿ, ಹೂಳು ತಗಸೂಣು ಅಂತ. ಯಾರ್ ಕೇಳತಾರ ನನ್ನ ಮಾತ?"

ಆರತಿ ತಿರುಗಿದಳು. "ಬಂಡೆಗಲ್ಲು ಎಷ್ಟ ಕೆಳಗ ಐತ್ರಿ ಕಾಕಾ?"

"ಯಾರಿಗೆ ಗೊತ್ತು? ನಾ ಸಣ್ಣಾಂವಿದ್ದಾಗ ನಮ್ಮಪ್ಪ ಒಮ್ಮಿ ತಗಿಸಿದ್ದ. ಇಡೀ ತಳ ಒಂದ ಬಂಡೆ, ತಾಟಿನ ಗತೆ."

ಎಲ್ಲರೂ ಗೊಮ್ಮಟೇಶನನ್ನು ನೋಡಿದರು. ಅವನಿಗೆ ಬೆವರು ಬಂತು. ಬಿಸಿಲೂ ಇತ್ತು. ಬಸದಿಯ ಪಂಡಿತರಿಗೆ ಫೋನ್ ಮಾಡಿದ; ಅವರು ಹೂಳನ್ನು ಗಡಿಯೆನ್ನುತ್ತಾರೆ ಎಂಬ ಆಸೆ ಸ್ವಲ್ಪ ಇತ್ತು. ಪಂಡಿತರು ಎಲ್ಲ ಕೇಳಿ ಒಂದೇ ಮಾತು ಹೇಳಿದರು: "ವ್ರತ ಹಿಡಿಯುಮುಂದ ನಿಮ್ಮ ಮನಸಿನ್ಯಾಗ ಏನಿತ್ತೋ ಅದ ಗಡಿ. ಅದನ್ನ ನನಗ ಯಾಕ ಕೇಳತೀರಿ? ನಿಮಗ ಗೊತ್ತು."

ಗೊತ್ತು. ಅದೇ ಪೇಚು. ಗೊಮ್ಮಟೇಶ ಬೇವಿನ ಗಿಡಕ್ಕೆ ಆತು ಕಣ್ಣು ಮುಚ್ಚಿ ಆ ದಿನವನ್ನು ನೆನೆದ. ಮಹಾರಾಜರ ಮುಂದೆ ಕೈ ಮುಗಿದು ನಿಂತಾಗ ಕಣ್ಣಿಗೆ ಬಂದದ್ದು ಅಜ್ಜ ಹೇಳುತ್ತಿದ್ದ ಅದೇ ತಳ: ಅಖಂಡ ಬಂಡೆ, ತಾಟಿನ ಹಾಗೆ. ಹೂಳು ನೆನಪಿಗೇ ಬಂದಿರಲಿಲ್ಲ. ಇಲ್ಲ, ಹೂಳೇ ಮನಸ್ಸಿನಲ್ಲಿತ್ತು ಎಂದರೆ ಕೇಳುವವರು ಯಾರು? ಯಾರೂ ಇಲ್ಲ. ಅದಕ್ಕೇ ಹಾಗೆನ್ನಲು ಆಗಲಿಲ್ಲ.

"ಬಂಡೆಗಲ್ಲಽ ನನ್ನ ಮನಸಿನ್ಯಾಗ ಇದ್ದದ್ದು," ಎಂದ, ಸೋತವನ ದನಿಯಲ್ಲಿ.

"ಭಲೇ ಮಗನ!" ಆಬಾಸಾಹೇಬ ಆಗಲೇ ಫೋನ್ ಕೈಗೆ ತೆಗೆದುಕೊಂಡಿದ್ದ. "ಬಾಳೇಶನ್ನ ಕರೀತೇನಿ. ಮುಂದಿನ ರವಿವಾರ ಹೂಳು ತಗಿಯೂದು ಪಕ್ಕಾ."

*

ಬಾಳೇಶ ಗೊಮ್ಮಟೇಶನ ಬಾಲ್ಯದ ಗೆಳೆಯ. ಬಾವಿ ತೋಡುವ, ಹೂಳು ಎತ್ತುವ ಕ್ರೇನು ಅವನದು. ರವಿವಾರ ಬೆಳಕು ಹರಿಯುವುದರೊಳಗೆ ಕ್ರೇನು ಬಾವಿಯ ದಂಡೆಯಲ್ಲಿ ಕೊಕ್ಕರೆಯ ಹಾಗೆ ಕುತ್ತಿಗೆ ಚಾಚಿ ನಿಂತಿತ್ತು. ನೀರನ್ನೆಲ್ಲ ಕಬ್ಬಿಗೆ ಬಿಟ್ಟಾಗಿತ್ತು. ಆದರೆ ಜಿನ್ನವ್ವ ಕ್ರೇನಿಗೆ ಅಡ್ಡ ನಿಂತಿದ್ದಳು.

"ಮೊದಲ ಮೀನು, ಕಪ್ಪಿ ಎಲ್ಲಾ ತಗೀರಿ. ಒಂದೂ ಸಾಯಬಾರದು."

"ಅವ್ವಾರ, ಮೀನ ತಗದು ಎಲ್ಲಿ ಇಡೂದು?" ಎಂದ ಬಾಳೇಶ.

"ಆ ಟಾಕ್ಯಾಗ ಬಿಡು. ಬಾವ್ಯಾಗ ನೀರು ಬಂದ ಮ್ಯಾಲ ತಿರುಗಿ ಅವನ್ನ ಇಲ್ಲೇ ಬಿಡಬೇಕು. ಯಾವ ನೀರಾಗಿಂದೋ ಆ ನೀರಿಗೆ."

ಹಾಗೆ ಬುಟ್ಟಿ, ಸೀರೆಯ ತುಂಡು, ಚರಿಗೆ ಹಿಡಿದು ಎಲ್ಲ ಜೀವಗಳನ್ನೂ ಸಿಮೆಂಟಿನ ಟಾಕಿಗೆ ಸಾಗಿಸಿದರು. ಒಂದು ಕಪ್ಪೆ ಮೂರು ಸಲ ಹಾರಿ ಬಾವಿಗೇ ಬಿತ್ತು. "ಇದೂ ವ್ರತ ಹಿಡದೈತಿ, ಬಾವಿ ಬಿಟ್ಟು ಬರವಲ್ದು," ಎಂದ ಬಾಳೇಶ.

ಆಮೇಲೆ ಹೂಳು ಏಳತೊಡಗಿತು. ಕ್ರೇನಿನ ದೊಡ್ಡ ಡಬ್ಬಿ ಖಾಲಿ ಇಳಿದು ಕರಿ ಕೆಸರು ತುಂಬಿಕೊಂಡು ಮೇಲೆ ಬರುತ್ತಿತ್ತು. ಸುದ್ದಿ ಹಬ್ಬಿ ಅಕ್ಕಪಕ್ಕದ ತೋಟದವರೂ ಬಂದು ನಿಂತರು. ಗೊಮ್ಮಟೇಶನ ಗಡಿ ಎಲ್ಲಿಗೆ ಬಂತೆಂದು ಕೇಳುವುದು ಅವರಿಗೆ ಆಟವಾಯಿತು.

"ಈಗ ಎಷ್ಟಽ?"

"ಮೂವತ್ನಾಕು!" ಬಾವಿಯೊಳಗಿನಿಂದ ಬಾಳೇಶನ ಕೂಗು.

"ಗೊಮ್ಮಟೇಶಣ್ಣ ಟೊಂಕದ ಮಟ ಮುಳುಗಿದ!"

ಮೂವತ್ತಾರಕ್ಕೆ ಒಂದು ತಾಮ್ರದ ತಂಬಿಗೆ ಸಿಕ್ಕಿತು, ನೆಗ್ಗಿ ಹಸಿರು ಹಿಡಿದದ್ದು. ಜಿನ್ನವ್ವ ಅದನ್ನು ಕಸಿದುಕೊಂಡು ಸೆರಗಿನಿಂದ ಒರೆಸಿದಳು. ಮದುವೆಯಾಗಿ ಬಂದ ಹೊಸದರಲ್ಲಿ ಅವಳ ಕೈ ಜಾರಿ ಬಿದ್ದದ್ದು. "ಇದರ ಸಲುವಾಗಿ ನಮ್ಮ ಅತ್ತಿ ಕಡೀ ತನಕ ನನ್ನ ಕೈಯಾಗ ಒಂದು ತಂಬಿಗಿ ಕೊಡಲಿಲ್ಲ," ಎಂದು ನಕ್ಕಳು. "ಇದ್ದಿದ್ರ ಈಗ ತೋರಸ್ತಿದ್ದೆ."

ಪ್ರತಿ ಡಬ್ಬಿ ಮೇಲೆ ಬಂದಾಗಲೂ ಗೊಮ್ಮಟೇಶ ತಳ ಕಂಡಿತೇ ಎಂದು ಇಣುಕುತ್ತಿದ್ದ. ಅವನು ಟೇಪು ಹಿಡಿದು ಕಟ್ಟೆಗೆ ಬಾಗಿ ನಿಂತಿದ್ದ. ಆರತಿ ಪಕ್ಕದಲ್ಲೇ ಇದ್ದಳು, ಕಣ್ಣಲ್ಲಿ ಹುರುಪು.

ಮೂವತ್ತೆಂಟಕ್ಕೆ ಒಳಗೆ ಟಣ್ ಎಂದು ಸದ್ದಾಯಿತು.

"ಕಲ್ಲು ಬಂತು!" ಎಂದು ಕೂಗಿದವನು ಗೊಮ್ಮಟೇಶನೇ. "ಬಾಳೇಶಾ, ನಿಲ್ಲಸು! ಕಲ್ಲು ಬಂತು! ಮೂವತ್ತೆಂಟು!" ಅಷ್ಟು ಸಂತೋಷದಿಂದ ಅವನು ಈಚೆಗೆ ಏನನ್ನೂ ಕೂಗಿರಲಿಲ್ಲ. ಕೂಗಿ ಆರತಿಯತ್ತ ತಿರುಗಿದ. ಅವಳು ಬಾವಿಯನ್ನು ನೋಡುತ್ತಿರಲಿಲ್ಲ. ಅವನ ಮುಖವನ್ನು ನೋಡುತ್ತಿದ್ದಳು.

"ಬೀಸುಕಲ್ಲಿನ ಹೋಳದು!" ಬಾಳೇಶನ ಕೂಗು ಬಂತು. "ಕೆಳಗ ಇನ್ನೂ ಹೂಳೈತಿ!"

ಜನ ಹೋ ಎಂದು ನಕ್ಕರು. ಆರತಿ ನಗಲಿಲ್ಲ. ಅವನಿಗೆ ಮಾತ್ರ ಕೇಳುವಂತೆ ಅಂದಳು: "ಒಬ್ಬಾಕಿಗೆ ಅಂತ ಫೋನ್ ಮಾಡಿ ಹೇಳಿಬಿಡಲೇನ್ರಿ? ಸುಮ್ಮ ಯಾಕ ಬಾವಿ ಕೆದರೂದು?"

"ಇನ್ನೂ ತಳ ಹತ್ತಿಲ್ಲ," ಎಂದ ಗೊಮ್ಮಟೇಶ.

"ನಾ ತಳದ ಸುದ್ದಿ ಕೇಳಿಲ್ಲ," ಎಂದು ಆರತಿ ಟಾಕಿಯ ಕಡೆ ಹೋದಳು, ಅತ್ತೆಯ ಮೀನು ನೋಡಲು.

ಊಟದ ಹೊತ್ತಿಗೆ ಬಂಡೆ ಸಿಕ್ಕಿತು. ಈ ಸಲ ಖರೆ ಬಂಡೆ. ಬಾಳೇಶ ಪೊರಕೆ ತರಿಸಿಕೊಂಡು ಗುಡಿಸಿ, ಟೇಪಿನ ತುದಿ ಹಿಡಿದು ಕೂಗಿದ: "ನಲವತ್ತೆರಡು!"

ಆಬಾಸಾಹೇಬ ಟವೆಲ್ ಬೀಸಿದ. ಜನ ಸಿಳ್ಳೆ ಹೊಡೆದರು. ಗೊಮ್ಮಟೇಶನಿಗೆ ಮಾತ್ರ ಒಂದೇ ಯೋಚನೆ: ಟೇಪು ಓರೆಯಾಗಿ ಹಿಡಿದಿದ್ದರೆ? ಬೀಸುಕಲ್ಲಿನ ಹೋಳು ಹೋಗಿ ಈಗ ಮತ್ತೇನೋ ಆಗಿದ್ದರೆ?

"ನಾನ ಇಳದು ನೋಡತೇನಿ," ಎಂದ.

"ನೀನ?" ಎಂದ ಆಬಾಸಾಹೇಬ. ಸಣ್ಣವನಿದ್ದಾಗ ಗೊಮ್ಮಟೇಶ ಈ ಬಾವಿಯಲ್ಲಿ ಮೆಟ್ಟಿಲು ಬಿಟ್ಟು ಮುಂದೆ ಈಜಿದವನಲ್ಲ. ಉಳಿದ ಹುಡುಗರು ತಳಕ್ಕೆ ಹೋಗಿ ಹಿಡಿ ಕೆಸರು ತಂದು ತೋರಿಸುವಾಗ, ಇವನು ದಂಡೆಯಲ್ಲಿ ಅವರ ಅಂಗಿ ಕಾಯುತ್ತಿದ್ದ.

ಆದರೆ ಸಂಶಯ ಅವನಲ್ಲಿ ಅಂಜಿಕೆಗಿಂತ ಒಂದು ಗೇಣು ಉದ್ದ. ಮೆಟ್ಟಿಲು ಮುಗಿಯುವವರೆಗೆ ನಡೆದು ಇಳಿದ. ಅಲ್ಲಿಂದ ಮುಂದೆ ಕ್ರೇನಿನ ಡಬ್ಬಿಯಲ್ಲಿ ಕುಕ್ಕರಗಾಲಲ್ಲಿ ಕೂತು, ಕಣ್ಣು ಮುಚ್ಚಿ, ಣಮೋಕಾರ ಮಂತ್ರ ಹೇಳುತ್ತ ಕೆಳಗೆ ಹೋದ. ಡಬ್ಬಿ ಮೆಲ್ಲಗೆ ತಿರುಗುತ್ತಿತ್ತು. ಕಾಲಿಗೆ ನೆಲ ಹತ್ತಿದಾಗ ಕಣ್ಣು ತೆರೆದ.

ತಂಪು. ಬಿಸಿಲಿನ ಏಪ್ರಿಲ್ಲು ಮೇಲೆಲ್ಲೋ ಉಳಿದುಹೋಗಿತ್ತು. ಕಾಲ ಕೆಳಗೆ ನುಣ್ಣನೆಯ ಕರಿ ಬಂಡೆ, ನಿಜವಾಗಿಯೂ ತಾಟಿನ ಹಾಗೆ. ಒಂದು ಮೂಲೆಯ ಬಿರುಕಿನಿಂದ ಸೆಲೆ ಜಿನುಗಿ ಅವನ ಹೆಬ್ಬೆರಳನ್ನು ತೋಯಿಸುತ್ತಿತ್ತು. ತಲೆ ಎತ್ತಿದರೆ ಆಕಾಶ ಒಂದು ಬುಟ್ಟಿಯಷ್ಟು, ಅದರ ಅಂಚಿಗೆ ಸಾಲಾಗಿ ತಲೆಗಳು. ತಾನು ನಿಂತದ್ದು ತನ್ನ ಗಡಿಯ ಮೇಲೆ. ನಾಲ್ಕು ವರ್ಷ ಅದರ ಹೆಸರು ಹೇಳಿದ್ದ, ನೋಡಿದ್ದು ಇವತ್ತು.

ಬಾಳೇಶ ಬೀಡಿ ಹಚ್ಚಲು ಜೇಬು ತಡಕುತ್ತಿದ್ದ. "ಏನಲೇ, ಅಳೀಯಂಗಿಲ್ಲೇನ? ನಲವತ್ತೆರಡು ಐತೋ ಇಲ್ಲೋ?"

"ಐತಿ, ಬಿಡು." ಗೊಮ್ಮಟೇಶ ಟೇಪನ್ನು ಮಡಚಿದ. ಇಲ್ಲಿ ಇವನೊಬ್ಬನೇ ಇದ್ದಾನೆ, ಹೇಳಿಬಿಡೋಣ ಎನಿಸಿ, ಮೆಲ್ಲಗೆ, ಬಹಳ ಮೆಲ್ಲಗೆ ಹೇಳಿದ: "ಬಾಳೇಶಾ, ಖರೆ ಹೇಳಬೇಕಂದ್ರ ವ್ರತದ ಮಾತಲ್ಲೋ ಇದು. ನನಗ ಅಂಜಿಕಿ. ಸಮುದ್ರ ನೆನಸಿದ್ರ ಎದಿ ಡವಡವ ಅಂತೈತಿ. ಆಕೀ ಮುಂದ ಹ್ಯಾಂಗ ಹೇಳೂದಂತ ವ್ರತದ ಹಿಂದ ಅಡಗಿ ಕುಂತಿದ್ದೆ. ಕಲ್ಲು ಬಂತು ಅಂತ ಕುಣದಾಡಿದೆ ನೋಡು, ಆಗ ಆಕಿ ನನ್ನ ಮಾರಿ ನೋಡಿದ್ಲು. ಅದಕ್ಕಿಂತ ಮುಳುಗಿದ್ರ ಚಲೋ ಇತ್ತು."

ಬಾಳೇಶ ಬೀಡಿ ಕೈಯಲ್ಲೇ ಹಿಡಿದು, ಇನ್ನೊಂದು ಕೈಯ ಬೆರಳಿನಿಂದ ಮೇಲೆ ತೋರಿಸಿದ.

ಖಾಲಿ ಬಾವಿ. ಸುತ್ತಲೂ ಕಲ್ಲು. ತಳದಲ್ಲಿ ಪಿಸುಗುಟ್ಟಿದರೂ ಪ್ರತಿ ಅಕ್ಷರ ಗೋಡೆ ಹತ್ತಿ ಮೇಲೆ ಹೋಗುತ್ತದೆ. "…ಚಲೋ ಇತ್ತು" ಎಂಬುದು ಇನ್ನೂ ಹೋಗುತ್ತಲೇ ಇತ್ತು. ಮೇಲಿನ ತಲೆಗಳು ಒಂದೂ ಅಲುಗಲಿಲ್ಲ.

ಮೊದಲು ಕೇಳಿದ್ದು ಜಿನ್ನವ್ವನ ದನಿ. "ಅದು ನಮಗೆಲ್ಲಾ ಗೊತ್ತಿದ್ದದ್ದ ಐತಿ. ಮ್ಯಾಲ ಬಾ, ಊಟ ಆರಾಕತ್ತೈತಿ."

ಆಮೇಲೆ ಆರತಿಯದು, ಬಾವಿಯ ತುಂಬ ಸುತ್ತಿ ಇಳಿಯಿತು: "ಕೇಳ್ರಿಲ್ಲೆ! ಅಂಜಿಕಿ ಅಂತ ಅವತ್ತ ಊಟಕ್ಕ ಕುಂತಾಗ ಹೇಳಬಾರದಿತ್ತೇನ? ಅಂಜೂ ಗಂಡ ನನಗ ನಡೀತಾನ. ಇಪ್ಪತ್ತ ವರ್ಷ ನಡಿಸೇನಿ. 'ಕಲ್ಲು ಬಂತು' ಅಂತ ಕುಣಿಯೂ ಗಂಡ ನಡಿಯೂದಿಲ್ಲ!"

ಆಬಾಸಾಹೇಬನಿಗೆ ಟಾಕಿಯಲ್ಲಿ ಬಹಳ ಮುಖ್ಯವಾದ ಮೀನೊಂದು ಕಂಡಿತು; ಅವನು ಅತ್ತ ಹೋದ.

"ತಪ್ಪಾತು," ಎಂದ ಗೊಮ್ಮಟೇಶ. ಕೂಗುವ ಅಗತ್ಯವಿರಲಿಲ್ಲ.

"ಅಂಜಿಕೋತನ ಬರತೀರೋ, ಇಲ್ಲಾ ಮನ್ಯಾಗ ಆರಾಮ ಇರತೀರೋ? ಯಾವುದಾದ್ರೂ ನಾ ಸಿಟ್ಟಾಗೂದಿಲ್ಲ. ಖರೆ ಹೇಳಬೇಕಷ್ಟ."

ಗೊಮ್ಮಟೇಶ ತಲೆ ಎತ್ತಿದ. ಮೇಲೆ, ಬೆಳಕಿನ ಅಂಚಿನಲ್ಲಿ, ಆರತಿಯ ಕೈ ಹೊರಗೆ ಚಾಚಿತು. ಹೆಬ್ಬೆರಳು ಎತ್ತಿ ತೋರಿಸುತ್ತಿದ್ದಳು. ಅವನಿಗೆ ಒಂದು ಕ್ಷಣ ಬೇಕಾಯಿತು. ಮ್ಯಾಲ ಒಯ್ಯಲೇನು ಎಂದು ಕೇಳುತ್ತಿದ್ದಾಳೆ.

ಅವನು ಬಲಗೈ ಎತ್ತಿದ. ಹೆಬ್ಬೆರಳು ತೋರುಬೆರಳಿನ ತುದಿ ಕೂಡಿಸಲು ನೋಡಿದ. ಒಮ್ಮೆ ತಪ್ಪಿತು. ಎಡಗೈಯಿಂದ ಬಲಗೈ ಹಿಡಿದು ಕೂಡಿಸಿದ. ಉಂಗುರ.

"ಏನಂತದು?" ಜಿನ್ನವ್ವ ಕೇಳುವುದು ಕೇಳಿಸಿತು.

"ಚಲೋ ಅದಾರಂತ, ಅತ್ತಿ," ಎಂದಳು ಆರತಿ. ಅವಳ ದನಿ ಸ್ವಲ್ಪ ಒಡೆದಿತ್ತು. ಬಾವಿ ಅದನ್ನೂ ಮುಚ್ಚಿಡದೆ ಕೆಳಗೆ ತಲುಪಿಸಿತು. "ಬರತಾರಂತ."

*

ಊಟವಾದ ಮೇಲೆ ಬೇವಿನ ಗಿಡದ ಕೆಳಗೆ ಕೂತು ಮುರ್ಡೇಶ್ವರಕ್ಕೆ ಫೋನ್ ಮಾಡಿದ್ದು ಗೊಮ್ಮಟೇಶನೇ. ಆರತಿ ಮಾಡುತ್ತೇನೆಂದರೂ ಕೊಡಲಿಲ್ಲ.

"ಇಬ್ಬರು ಬರತೇವಿ. ಒಬ್ಬರಿಗೆ ಬಾಳ ಅಂಜಿಕಿ ಐತ್ರಿ. ಮೊದಲ ಹೇಳಿರತೇನಿ."

"ಹೇಳಿದ್ದು ಒಳ್ಳೇದಾಯ್ತು ಮಾರಾಯ್ರೆ," ಎಂದಿತು ಅತ್ತಲಿನ ಕರಾವಳಿಯ ದನಿ. "ಹೆದರುವವರು ಹೇಳಿದ ಹಾಗೆ ಕೇಳ್ತಾರೆ. ನಮಗೆ ತಲೆಬಿಸಿ ಆಗುದು ಧೈರ್ಯ ಇರುವವರದ್ದು. ಯಾರಿಗೆ ಹೆದರಿಕೆ, ಮೇಡಮ್ಮಿಗಾ?"

"ನನಗರಿ."

"ಆಯ್ತು, ನೀವು ಬನ್ನಿ. ನಿಮ್ಮ ಕೈ ಬಿಡುದಿಲ್ಲ."

"ಇನ್ನೊಂದು. ನಲವತ್ತೆರಡು ಫೂಟಿನ ಕೆಳಗ ನನ್ನ ಒಯ್ಯಬಾರದರಿ. ಯಾಕಂದ್ರ ನಮ್ಮ ಬಾವಿ…" ಎಂದು ಶುರುಮಾಡಿದವನು ಬಾವಿ, ಬಂಡೆ, ಬೀಸುಕಲ್ಲು ಎಲ್ಲ ಹೇಳಿ ಮುಗಿಸುವಷ್ಟರಲ್ಲಿ ಆಬಾಸಾಹೇಬ ಒಂದು ನಿದ್ದೆ ಮಾಡಿ ಎದ್ದಿದ್ದ.

ಬಾವಿಯಲ್ಲಿ ಮೊಣಕಾಲುದ್ದ ನೀರು ಬರಲು ಇನ್ನೂ ಒಂದು ದಿನ ಬೇಕಿತ್ತು. ಮೀನುಗಳನ್ನು ಅವುಗಳ ಮನೆಗೆ ಮುಟ್ಟಿಸಿಯೇ ಬರುತ್ತೇನೆಂದು ಜಿನ್ನವ್ವ ತನ್ನ ತಾಮ್ರದ ತಂಬಿಗೆಯೊಂದಿಗೆ ತೋಟದಲ್ಲೇ ಉಳಿದಳು. ಗಂಡ ಹೆಂಡತಿ ಸಂಜೆಯ ಬಸ್ಸು ಹಿಡಿದರು. ಈ ಸಲ ಇಬ್ಬರಿಗೂ ಒಂದೇ ಸೀಟು. ಕಿಟಕಿಯ ಕಡೆ ಆರತಿ.

ಬಸ್ಸು ಹುಕ್ಕೇರಿ ದಾಟಿದ ಮೇಲೆ ಗೊಮ್ಮಟೇಶ ಅಭ್ಯಾಸಕ್ಕೆ ಶುರುಹಚ್ಚಿಕೊಂಡ. ಮೂಗು ಹಿಡಿದ, ಬಾಯಿ ಮುಚ್ಚಿದ, ಮೆಲ್ಲಗೆ ಊದಿದ. ಕಿವಿ ಬಿಟ್ಟಿತೋ ಇಲ್ಲವೋ ಸಂಶಯವಾಯಿತು. ಮತ್ತೊಮ್ಮೆ ಊದಿದ. ಮುಂದಿನ ಸೀಟಿನ ಅಜ್ಜಿ ತಿರುಗಿ ನೋಡಿ ತನ್ನ ಉಳ್ಳಾಗಡ್ಡಿಯ ಚೀಲವನ್ನು ಕಾಲ ಕೆಳಗೆ ಸರಿಸಿಕೊಂಡಳು. ಅವನು ಮೂರನೆಯ ಸಲ ಮೂಗು ಹಿಡಿಯುವಾಗ ಕಂಡಕ್ಟರ್ ಬಂದು ನಿಂತ.

"ಏನ್ರಿ ಸರ, ಬಸ್ಸಿನ್ಯಾಗ ಏನರ ವಾಸನಿ ಬರಾಕತ್ತೈತೇನು?"

ಆರತಿ ಕಿಟಕಿಯ ಸರಳಿಗೆ ಹಣೆ ಹಚ್ಚಿ, ಭುಜ ಕುಲುಕುತ್ತ ನಗುತ್ತಿದ್ದಳು. ಗೊಮ್ಮಟೇಶ ಮೂಗು ಹಿಡಿದಿದ್ದ ಕೈ ಬಿಡದೆ, ಇನ್ನೊಂದು ಕೈಯಿಂದ ಕಂಡಕ್ಟರನಿಗೆ ಒಂದು ಉಂಗುರ ಮಾಡಿ ತೋರಿಸಿದ.